ಮಾತು ನಿಂತ ಜಾಗಗಳ ನಕ್ಷೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ದೊಡ್ಡ ಮಾತುಗಳೂ ಬರುವುದಿಲ್ಲ. ಇದು ನನ್ನ ದೊಡ್ಡಮ್ಮನ ಕಥೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ, ತಿಳಿಯದ ಕಡೆ ಎರಡೆರಡು ಸಲ ಕೇಳಿ ಬರೆದಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೊಡ್ಡಮ್ಮ ರಾಷ್ಟ್ರೀಯ ಉದ್ಯಾನದ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಮೂವತ್ತೊಂದು ವರ್ಷ ಅದೇ ಕೋಣೆ, ಅದೇ ಓರೆ ಮೇಜು, ಅದೇ ಬೆನ್ನಿಲ್ಲದ ಎತ್ತರದ ಸ್ಟೂಲು. ಒಂದು ಕಂಪ್ಯೂಟರೂ ಬಂದಿತ್ತು, ಆದರೆ ಅದನ್ನು ನಡೆಸುವವರು ಬರಲಿಲ್ಲ. ಹಾಗಾಗಿ ಅದಕ್ಕೊಂದು ಬಟ್ಟೆ ಹೊದಿಸಿ, ಅದರ ಮೇಲೆ ದೊಡ್ಡಮ್ಮ ಊಟದ ಡಬ್ಬಿ ಇಡುತ್ತಿದ್ದಳು. ಯಾವ ಗೆರೆಯನ್ನಾದರೂ ಅವಳು ಮೊದಲು ಪೆನ್ಸಿಲಿನಲ್ಲಿ ಎಳೆದು, ಅಳಿಸಿ, ಮತ್ತೆ ಎಳೆದು, ಮೂರನೆಯ ಸಲಕ್ಕೆ ಶಾಯಿ ಹಾಕುವವಳು. ಅವಳ ಮೇಜಿನ ಸುತ್ತ ರಬ್ಬರಿನ ಪುಡಿ ಗಿರಣಿಯ ಹಿಟ್ಟಿನ ಹಾಗೆ ಬಿದ್ದಿರುತ್ತಿತ್ತು. ಅದಕ್ಕೇ ಕಚೇರಿಯವರು ಅವಳಿಗೆ ಇಟ್ಟ ಹೆಸರು ರಬ್ಬರಮ್ಮ. ಬೆನ್ನ ಹಿಂದೆ ಇಟ್ಟ ಹೆಸರು ಎದುರಿಗೇ ಬಂದು ಎಷ್ಟೋ ವರ್ಷವಾಗಿತ್ತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅವಳು ಎಳೆದ ಗೆರೆ ಕೂದಲೆಳೆಯಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಅವಳಿಗೆ ಹೆಮ್ಮೆ ಇದ್ದದ್ದು ಅದೊಂದರಲ್ಲೇ.

ಉದ್ಯಾನವನ್ನು ಹೇಗೆ ಕಾಪಾಡಬೇಕು ಎಂದು ಹತ್ತು ವರ್ಷಕ್ಕೊಮ್ಮೆ ಒಂದು ಯೋಜನೆ ಬರೆಯಬೇಕು. ಹಳೆಯ ಯೋಜನೆಯನ್ನು ಕಚೇರಿಯವರೇ ಬಾಗಿಲು ಹಾಕಿಕೊಂಡು ಬರೆದಿದ್ದರು. ಅದರ ಪ್ರಕಾರ ಆ ಕಾಡಿನ ಮೂಲನಿವಾಸಿಗಳು ಕಾಡಿನೊಳಗೆ ಹೋಗಬೇಕಾದರೆ ಗೇಟಿನಲ್ಲಿ ಚೀಟಿ ತೋರಿಸಬೇಕು, ಹೊತ್ತು ಮುಳುಗುವ ಮೊದಲು ಹೊರಗೆ ಬರಬೇಕು. ಈ ಸಲ ಹಾಗಲ್ಲ, ಅವರೂ ಜೊತೆಗಾರರು, ಇಬ್ಬರೂ ಸೇರಿ ಬರೆಯಬೇಕು, ಇಬ್ಬರ ಸಹಿಯೂ ಬೇಕು ಎಂದು ಮೇಲಿನಿಂದ ಆಜ್ಞೆ ಬಂತು. ಮೂರು ವರ್ಷ ಗಡುವು. ಅಷ್ಟರೊಳಗೆ ಎರಡೂ ಸಹಿ ಬೀಳದಿದ್ದರೆ ಹಳೆಯ ಯೋಜನೆಯೇ ಇನ್ನೂ ಹತ್ತು ವರ್ಷ ನಡೆಯುತ್ತದೆ. ಗಡುವು ಮುಗಿಯುವ ತಿಂಗಳಲ್ಲೇ ದೊಡ್ಡಮ್ಮನ ನಿವೃತ್ತಿಯೂ ಇತ್ತು.

ಕಾಡಿನವರ ಕಡೆಯ ಹಿರಿಯನಿಗೆ ಕೋಲಜ್ಜ ಎನ್ನುತ್ತಿದ್ದರು. ಅವನ ಕೈಯಲ್ಲಿ ಸದಾ ಅವನಿಗಿಂತ ಒಂದು ಮೊಳ ಎತ್ತರದ ಕೋಲು. ನಡೆಯುವುದಕ್ಕೆ ಅವನಿಗೆ ಅದು ಬೇಕಿರಲಿಲ್ಲ, ಮಾತಾಡುವಾಗ ನೆಲ ಕುಟ್ಟುವುದಕ್ಕೆ ಬೇಕಿತ್ತು. ಮೊದಲ ಸಭೆಯಲ್ಲಿ ಮುಖ್ಯಾಧಿಕಾರಿ ಕುರ್ಚಿ ತೋರಿಸಿದರೆ ಅಜ್ಜ ಕೂರಲಿಲ್ಲ.

"ಕೂತು ಆಡಿದ ಮಾತು ಕುರ್ಚಿಯಲ್ಲೇ ಉಳಿಯುತ್ತೆ ಸಾಹೇಬ್ರೇ. ನಡೀರಿ, ನಡೀತಾ ಮಾತಾಡೋಣ" ಎಂದ.

ಸಾಹೇಬರು ಒಂದು ದಿನ ನಡೆದರು. ಮರುದಿನ ಅವರ ಕಾಲಲ್ಲಿ ಬೊಬ್ಬೆ ಎದ್ದಿತು. "ನಕ್ಷೆ ಬರೆಯೋರು ನೀವಲ್ವಾ ಅಮ್ಮ, ನೀವೇ ಹೋಗ್ಬನ್ನಿ" ಎಂದುಬಿಟ್ಟರು. ಹಾಗೆ ಐವತ್ತೇಳನೆಯ ವಯಸ್ಸಿನಲ್ಲಿ ದೊಡ್ಡಮ್ಮ ಸ್ಟೂಲು ಇಳಿದು ಕಾಡು ಸುತ್ತಲು ಹೊರಟಳು.

ಮೂರು ವರ್ಷ ನಡೆದರು. ಮುಂದೆ ಕೋಲಜ್ಜ, ಅವನ ಹಿಂದೆ ಅವನ ಕಡೆಯ ನಾಲ್ವರು, ಆಮೇಲೆ ಕಚೇರಿಯ ಜೀಪ್ ಡ್ರೈವರು, ಎಲ್ಲರಿಗಿಂತ ಹಿಂದೆ ಮಂಡಿ ಹಿಡಿದುಕೊಂಡು ದೊಡ್ಡಮ್ಮ. ಡ್ರೈವರು ಕೋಲಜ್ಜನ ಸ್ವಂತ ತಂಗಿಯ ಮಗ, ಇಲಾಖೆಯಲ್ಲಿ ಕೆಲಸ ಹಿಡಿದ ಅವರ ಕಡೆಯ ಮೊದಲನೆಯವನು. ಅವನ ಬಾಯಿಗೆ ಬೀಗವೇ ಇರಲಿಲ್ಲ.

"ಅಕ್ಕಾ, ನಮ್ಮ ಮಾವ ಕೆಮ್ಮಿದ್ದನ್ನೂ ಬರ್ಕೊಂಡ್ರಾ?"

"ಬರ್ಕೊಂಡೆ. ನೀನು ಸುಳ್ಳು ಹೇಳಿದ್ದಕ್ಕೆ ಬೇರೆ ಪುಸ್ತಕ ತರಬೇಕು."

"ತನ್ನಿ, ದಪ್ಪದ್ದೇ ತನ್ನಿ. ಕೈಗೆ ಕೆಲಸ ಆಗುತ್ತೆ, ಮಂಡಿ ನೋವು ಮರೆತುಹೋಗುತ್ತೆ."

ನಿಜವಾಗಿಯೂ ಅವಳು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಎಷ್ಟು ಹೆಜ್ಜೆ, ಯಾವ ದಿಕ್ಕು, ಎಲ್ಲಿ ನೀರು, ಯಾವ ಮರ ಯಾರ ಅಜ್ಜಿ ತೋರಿಸಿದ್ದು, ಎಲ್ಲಿ ಬೇಲಿ ಹಾಕಿದರೆ ಜಿಂಕೆಗಳ ದಾರಿ ಕಟ್ಟುತ್ತದೆ. ಮೇಣಬಟ್ಟೆಯ ರಟ್ಟಿನ ಆ ಪುಸ್ತಕ ಬೆವರಿಗೆ ಉಬ್ಬಿ ಎರಡರಷ್ಟಾಗಿತ್ತು. ಅದರಲ್ಲಿ ಅವಳು ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದಳು. ಹರಟೆ ಹೊಡೆಯುತ್ತ ಹೋಗುತ್ತಿದ್ದವರು ಕೆಲವು ಕಡೆ ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತಿದ್ದರು. ಡ್ರೈವರು ಕೂಡ. ಎಲ್ಲರ ಮುಖವೂ ಒಂದೇ ಕಡೆಗೆ ತಿರುಗಿ, ಇನ್ನೂರು ಮುನ್ನೂರು ಹೆಜ್ಜೆ ಹಾಗೇ ನಡೆದು, ಆಮೇಲೆ ಯಾರೋ ಒಬ್ಬರು ನಕ್ಕರೆ ಮತ್ತೆ ಮಾತು ಶುರು. ಯಾಕೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವಳು ಪುಸ್ತಕದಲ್ಲಿ "ಮಾತು ನಿಂತಿತು" ಎಂದು ಬರೆದು ಹೆಜ್ಜೆ ಎಣಿಸಿ, "ಮಾತು ಶುರುವಾಯಿತು" ಎಂದು ಬರೆಯುತ್ತಿದ್ದಳು. ಕಂಡದ್ದನ್ನು ಬಿಡುವುದು ಅವಳ ಜಾಯಮಾನವೇ ಅಲ್ಲ.

ಗಡುವಿಗೆ ತಿಂಗಳೊಂದು ಉಳಿದಾಗ ಕೊನೆಯ ಹಾಳೆ ಬರೆಯಲು ಕೂತಳು. ಪುಸ್ತಕ ಬಿಚ್ಚಿಟ್ಟುಕೊಂಡು ಒಂದೊಂದೇ ಗುರುತನ್ನು ಹಾಳೆಗೆ ಇಳಿಸಿದಳು. ಬೇರೆ ಬೇರೆ ವರ್ಷ, ಬೇರೆ ಬೇರೆ ದಿಕ್ಕಿನಿಂದ ಬಂದಾಗ ಮಾತು ನಿಂತ ಜಾಗಗಳನ್ನೂ ಪೆನ್ಸಿಲಿನಲ್ಲಿ ಸಣ್ಣಗೆ ಇಟ್ಟಳು. ಹದಿನಾಲ್ಕು ಚುಕ್ಕೆ. ಸುಮ್ಮನೆ ಕೂಡಿಸಿದಳು. ಒಂದು ಉಂಗುರವಾಯಿತು.

ಅವಳು ಸ್ಟೂಲಿನಿಂದ ಇಳಿದು ಒಂದು ಲೋಟ ನೀರು ಕುಡಿದು ಬಂದಳಂತೆ. ಉಂಗುರದ ಒಳಗೆ ಏನೋ ಇದೆ, ಇವರಿಗೆ ಅದು ಪ್ರಾಣಕ್ಕಿಂತ ಹೆಚ್ಚು ಎಂಬುದು ಅವಳಿಗೆ ಹೊಳೆಯಿತು. ಪ್ರವಾಸಿಗರ ವಾಹನಗಳಿಗೆಂದು ಹೊಸದಾಗಿ ಹಾಕಬೇಕೆಂದಿದ್ದ ರಸ್ತೆ ಆ ಉಂಗುರದ ಅಂಚನ್ನೇ ಸವರಿಕೊಂಡು ಹೋಗುತ್ತಿತ್ತು. ಬಾಯಿ ಬಿಟ್ಟು ಕೇಳದವರ ಕಷ್ಟವನ್ನು ತಾನಾಗಿಯೇ ತಿಳಿದುಕೊಂಡೆ ಎಂದು ಅವಳಿಗೆ ಸಂತೋಷವಾಯಿತು. ಉಂಗುರಕ್ಕೆ ಕೆಂಪು ಬಣ್ಣ ತುಂಬಿದಳು. ಮೇಲೆ, ತನ್ನ ಅಚ್ಚಿನಂಥ ಅಕ್ಷರದಲ್ಲಿ, "ಯಾರಿಗೂ ಪ್ರವೇಶವಿಲ್ಲ" ಎಂದು ಶಾಯಿಯಲ್ಲಿ ಬರೆದಳು. ಯೋಜನೆಯಲ್ಲಿ ಅದಕ್ಕಿಂತ ಬಿಗಿಯಾದ ಕಾವಲು ಇಲ್ಲ. ಅಜ್ಜ ನೋಡಿ ಹಿಗ್ಗಲಿ ಎಂದು ಯಾರಿಗೂ ಮೊದಲೇ ಹೇಳಲಿಲ್ಲ. ಹಾಳೆಯ ಹನ್ನೆರಡು ಪ್ರತಿ ತೆಗೆದು, ರಸ್ತೆಯವರು, ನೀರಿನವರು, ಪ್ರವಾಸದವರು ಎಂದು ಹನ್ನೆರಡು ಕಚೇರಿಗೆ ಕಳಿಸಿದ್ದೂ ಆಯಿತು.

ಸಭೆಯ ದಿನ ಮೂಲ ಹಾಳೆಯನ್ನು ಉದ್ದ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚಹಾ ಲೋಟ ಇಟ್ಟರು. ಕೋಲಜ್ಜ ಬಗ್ಗಿ ನೋಡಿದ. ನದಿ ಗುರುತಿಸಿದ, ತನ್ನ ಊರು ಗುರುತಿಸಿದ, "ನಮ್ಮನೆ ಹಿತ್ತಲೂ ಬಂದಿದೆಯಲ್ಲೋ" ಎಂದು ಪಕ್ಕದಲ್ಲಿದ್ದ ತನ್ನ ಕಡೆಯವನಿಗೆ ತೋರಿಸಿದ. ಆಮೇಲೆ ಅವನ ಕಣ್ಣು ಕೆಂಪಿನ ಮೇಲೆ ಹೋಯಿತು.

ಅವನ ಮುಖ ನಿಧಾನವಾಗಿ ಗೋಡೆಯ ಕಡೆ ತಿರುಗಿತು. ಕಾಡಿನಲ್ಲಿ ತಿರುಗುತ್ತಿತ್ತಲ್ಲ, ಹಾಗೆಯೇ. ಉಳಿದ ನಾಲ್ವರ ಮುಖವೂ ತಿರುಗಿತು. ಹಾಗೇ ಗೋಡೆ ನೋಡಿಕೊಂಡು ಐದು ಜನವೂ ಬಾಗಿಲು ದಾಟಿದರು. ಕೋಲು ಒಂದು ಸಲವೂ ನೆಲ ಕುಟ್ಟಲಿಲ್ಲ.

"ಏನಾಯ್ತು ಇವರಿಗೆ?" ಎಂದರು ಸಾಹೇಬರು.

ಏನಾಯಿತು ಎಂದು ಆ ಕೋಣೆಯಲ್ಲಿ ತಿಳಿದದ್ದು ದೊಡ್ಡಮ್ಮನಿಗೆ ಮಾತ್ರ. ಅವರು ಬಾಯಲ್ಲಿ ಹೇಳದ ಜಾಗವನ್ನು ಕೆಂಪಿನಲ್ಲಿ ತೋರಿಸಿಬಿಟ್ಟೆ ಎಂದು ಹೇಳಿದಳು.

"ಅಷ್ಟೇ ತಾನೇ? ಅಳಿಸಿಬಿಡಿ. ರಬ್ಬರಮ್ಮ ಅಲ್ವಾ ನೀವು?"

"ಶಾಯಿ ಹಾಕ್ಬಿಟ್ಟಿದ್ದೀನಿ ಸಾರ್. ಹನ್ನೆರಡು ಪ್ರತಿ ಹೋಗಿಬಿಟ್ಟಿದೆ."

ಸಾಹೇಬರು ತಣ್ಣಗಾದ ಚಹಾ ಕುಡಿದರು. ಹತ್ತೊಂಬತ್ತು ದಿನ ಉಳಿದಿತ್ತು.

ಸಂಜೆ ಮನೆಯಲ್ಲಿ ದೊಡ್ಡಮ್ಮ ಬಿಸಿನೀರಿನ ಬಟ್ಟೆಯನ್ನು ಮಂಡಿಗೆ ಸುತ್ತಿಕೊಂಡು ಕೂತಿದ್ದಳು. ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಅವಳ ಮಾತೆಲ್ಲ ಕೇಳಿದ.

"ನೀನು ಮಾಡೋ ಕೆಲಸ ಅಚ್ಚುಕಟ್ಟು ಕಣೇ. ಅದೇ ತೊಂದರೆ" ಎಂದ. "ನಾಳೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಾ."

"ಹೇಳಿದ್ರೆ ಸರಿ ಹೋಗುತ್ತಾ?"

"ಹೋಗಲ್ಲ. ಆದ್ರೂ ಹೇಳ್ಬೇಕು."

ಮರುದಿನ ಜೀಪಿನಲ್ಲಿ ಹೋದಳು. ದಾರಿಯುದ್ದಕ್ಕೂ ಡ್ರೈವರು ತುಟಿ ಬಿಚ್ಚಲಿಲ್ಲ. ಒಂದು ಕುಚೋದ್ಯವಿಲ್ಲ, ಒಂದು ಕೊಂಕಿಲ್ಲ. ಅವನ ಮಾತಿಗೆ ಬೇಸತ್ತಿದ್ದವಳಿಗೆ ಆ ಮೌನ ಮಂಡಿನೋವಿಗಿಂತ ಕಷ್ಟವಾಯಿತು. ಕೋಲಜ್ಜನ ಊರಿನ ಹೊರಗೆ ಬಿದ್ದಿದ್ದ ಒಂದು ಮರದ ದಿಮ್ಮಿಯ ಮೇಲೆ ಕೂತಳು. ಬಿಸಿಲು ಏರಿತು, ಇಳಿಯಿತು. ಮಧ್ಯಾಹ್ನದ ಮೇಲೆ ಕೋಲಜ್ಜ ಬಂದು ದಿಮ್ಮಿಯ ಆ ತುದಿಯಲ್ಲಿ ಕೂತ.

"ಅಜ್ಜಾ, ತಪ್ಪಾಯ್ತು."

"ಯಾರು ಹೇಳಿದ್ದು ನಿನಗೆ? ಅದನ್ನ ಹೇಳು ಮೊದಲು."

"ಯಾರೂ ಹೇಳ್ಲಿಲ್ಲ ಅಜ್ಜಾ. ನೀವು ಸುಮ್ನಾದ ಕಡೆಯೆಲ್ಲ ಬರ್ಕೊಂಡಿದ್ದೆ. ಅವನ್ನ ಸೇರಿಸಿದೆ." ಪುಸ್ತಕ ತೆಗೆದು, ಸಾಲು ತೋರಿಸಿ ಓದಿದಳು. ಮಾತು ನಿಂತಿತು. ಇನ್ನೂರ ಹತ್ತು ಹೆಜ್ಜೆ. ಮಾತು ಶುರುವಾಯಿತು.

ಅಜ್ಜ ದಿಮ್ಮಿಯಿಂದ ಎದ್ದ. ಆಮೇಲೆ ಜೀಪಿನ ಕಡೆ ತಿರುಗಿ ಕೂಗಿದ. "ಲೋ, ಬಾರೋ ಇಲ್ಲಿ. ನಿನ್ನದಲ್ಲವಂತೆ ತಪ್ಪು."

ಡ್ರೈವರು ಬರಲಿಲ್ಲ. ಸ್ಟೀರಿಂಗಿನ ಮೇಲೆ ತಲೆಯಿಟ್ಟ. ಆಗ ದೊಡ್ಡಮ್ಮನಿಗೆ ಗೊತ್ತಾಯಿತು. ಇಲಾಖೆಯ ಅನ್ನ ತಿನ್ನುವವನು ಇವನೊಬ್ಬನೇ, ಇವನೇ ಹೇಳಿಕೊಟ್ಟಿರಬೇಕು ಎಂದು ಹಿಂದಿನ ರಾತ್ರಿಯಿಡೀ ಸ್ವಂತ ಮಾವ, ಸ್ವಂತ ತಾಯಿ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರು.

"ಬಾಯಿ ಬಿಡಬಾರದು ಅಂತ ನಮಗೆ ಹೇಳ್ಕೊಟ್ಟಿದ್ರು" ಎಂದ ಅಜ್ಜ. "ಬಾಯಿ ಮುಚ್ಚಿದ್ದನ್ನೂ ಓದೋರು ಹುಟ್ತಾರೆ ಅಂತ ಯಾರೂ ಹೇಳ್ಕೊಡ್ಲಿಲ್ಲ."

"ಕಾಪಾಡ್ಬೇಕು ಅಂತಲೇ ಮಾಡಿದೆ ಅಜ್ಜಾ."

"ಗೊತ್ತು. ಆದ್ರೆ ಬೀಗ ಹಾಕಿದ ಮನೆಗೇ ಕಳ್ಳ ಬರೋದು ತಾಯಿ. ಇಷ್ಟು ದಿನ ಅದಕ್ಕೆ ಬಾಗಿಲೂ ಇರ್ಲಿಲ್ಲ, ಬೀಗವೂ ಇರ್ಲಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ, ಅದೇ ಕಾವಲು."

ಅವನು ಕೇಳಿದ್ದು ಇಷ್ಟು: ಕೆಂಪು ಬಣ್ಣ ಇಲ್ಲದ ಹೊಸ ನಕ್ಷೆ ಬರಬೇಕು. ರಸ್ತೆ ತಾನು ತಿರುಗಿಸಿದ ಕಡೆ ತಿರುಗಬೇಕು, ಯಾಕೆ ಎಂದು ಯಾರೂ ಕೇಳಬಾರದು. ಹಳೆಯ ನಕ್ಷೆಯೂ ಅದರ ಹನ್ನೆರಡು ಪ್ರತಿಯೂ ತನ್ನ ಕೈಗೆ ಬರಬೇಕು. ಆ ಪುಸ್ತಕವೂ.

"ಪುಸ್ತಕ ಪೂರ್ತಿನಾ ಅಜ್ಜಾ?"

"ಪೂರ್ತಿ."

ಮೂರು ವರ್ಷದ ನಡಿಗೆಯೆಲ್ಲ ಅದರಲ್ಲಿತ್ತು. ಹೊಸ ನಕ್ಷೆ ಮುಗಿದ ದಿನ ಕೊಡುತ್ತೇನೆ ಎಂದಳು.

ಸಾಹೇಬರು ಉಳಿದದ್ದಕ್ಕೆಲ್ಲ ಹೂಂ ಅಂದರು, ರಸ್ತೆಯ ಮಾತಿಗೆ ಮಾತ್ರ ಹಣೆ ಉಜ್ಜಿಕೊಂಡರು. ಯೋಜನೆಯ ನಮೂನೆಯಲ್ಲಿ ಪ್ರತಿಯೊಂದು ಗೆರೆಯ ಎದುರಿಗೂ "ಕಾರಣ" ಎಂಬ ಮನೆ ಇರುತ್ತದೆ. ಅದನ್ನು ಖಾಲಿ ಬಿಡುವ ಹಾಗಿಲ್ಲ.

"ನಾಳೆ ಮೇಲಿನವರು ಕೇಳ್ತಾರೆ, ರಸ್ತೆ ಯಾಕೆ ಸೊಟ್ಟಗಾಯ್ತು ಅಂತ. ನಾನೇನು ಹೇಳ್ಲಿ?"

"ಜೊತೆಗಾರರು ಹೇಳಿದ್ರು ಅಂತ ಬರೀತೀನಿ ಸಾರ್."

"ಅದೊಂದು ಕಾರಣಾನಾ ಅಮ್ಮ?"

ದೊಡ್ಡಮ್ಮ ಎಂದೂ ಎದುರು ಮಾತಾಡಿದವಳಲ್ಲ. ಅವತ್ತು ನಿಂತು ನಿಂತು ಮಂಡಿ ನೋಯುತ್ತಿತ್ತು, ಅದಕ್ಕೇ ಇರಬೇಕು, ಹೇಳಿಬಿಟ್ಟಳು. "ಸಾಹೇಬ್ರು ಹೇಳಿದ್ರು ಅನ್ನೋ ಒಂದೇ ಕಾರಣಕ್ಕೆ ಮೂವತ್ತೊಂದು ವರ್ಷ ಗೆರೆ ಎಳೆದಿದ್ದೀನಿ ಸಾರ್. ಅದು ನಡೆದ್ರೆ ಇದೂ ನಡೆಯುತ್ತೆ."

ಸಾಹೇಬರು ಅವಳನ್ನೇ ನೋಡಿದರು. ನಗು ಬಂತು, ಆದರೆ ನಗುವಷ್ಟು ಶಕ್ತಿ ಅವರಲ್ಲೂ ಉಳಿದಿರಲಿಲ್ಲ. "ಬರೀರಿ" ಎಂದರು.

ರಸ್ತೆಯ ಗೆರೆಗುಂಟ ಎರಡು ದಿನ ಮತ್ತೆ ನಡೆದರು. ಕೋಲಜ್ಜ ಮುಂದೆ ಹೋಗಿ ಇಲ್ಲಿ ತಿರುಗಲಿ ಎಂದು ಕೋಲು ಊರುತ್ತಿದ್ದ, ದೊಡ್ಡಮ್ಮ ಗುರುತು ಹಾಕುತ್ತಿದ್ದಳು. ಆದರೆ ಅವನು ಒಂದೇ ಕಡೆ ತಿರುಗಿಸಲಿಲ್ಲ. ಏನೂ ಇಲ್ಲದ ಬಯಲಿನಲ್ಲಿ, ನೆಟ್ಟಗೆ ಹೋಗಬಹುದಾದ ಕಡೆ, ಬೇಕೆಂದೇ ಇನ್ನೂ ಮೂರು ತಿರುವು ಹಾಕಿಸಿದ.

"ಇಲ್ಲಿ ಯಾಕಜ್ಜಾ?"

"ಒಂದೇ ಕಡೆ ಸೊಟ್ಟಗಾದ್ರೆ ಜನ ಆ ಜಾಗ ನೋಡ್ತಾರೆ. ನಾಲ್ಕು ಕಡೆ ಸೊಟ್ಟಗಾದ್ರೆ ಬರೆದವಳ ಕೈ ನೋಡ್ತಾರೆ."

ಡ್ರೈವರಿಗೆ ಆ ಹೊತ್ತಿಗೆ ಬಾಯಿ ಬಂದಿತ್ತು. "ಅಕ್ಕಾ, ಈ ರಸ್ತೆಯಲ್ಲಿ ಜೀಪ್ ಓಡಿಸೋನು ನಾನು. ಕುಡಿದು ಓಡಿಸ್ದೆ ಅಂತಾರೆ ಜನ."

ನಿವೃತ್ತಿಯ ಹೊಸ್ತಿಲಲ್ಲಿ ದೊಡ್ಡಮ್ಮ ಬರೆದ ಕೊನೆಯ ನಕ್ಷೆಯಲ್ಲಿ ರಸ್ತೆ ಹಾವು ಹೋದ ಹಾಗೆ ಹೋಯಿತು. ಕಚೇರಿಯವರು ಬಂದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಪಾಪ, ರಬ್ಬರಮ್ಮನ ಕೈ ಹೋಯ್ತು" ಎಂದರು. ಅವಳು ತಲೆಯೆತ್ತಲಿಲ್ಲ. "ವಯಸ್ಸಾಯ್ತಲ್ಲ" ಎಂದಳು.

ಉಳಿದ ದಿನಗಳೆಲ್ಲ ಪ್ರತಿಗಳ ಹಿಂದೆ ಹೋದವು. ಒಂದೊಂದು ಕಚೇರಿಯ ಬಾಗಿಲಿನಲ್ಲಿ ನಿಂತು, ನಕ್ಷೆಯಲ್ಲಿ ತಪ್ಪಾಗಿದೆ, ಹಿಂದಕ್ಕೆ ಕೊಡಿ ಎಂದು ಕೇಳಿದಳು. ಕೆಲವರು ಸುಲಭಕ್ಕೆ ಕೊಟ್ಟರು. ಕೆಲವರು ಅರ್ಜಿ ಬರೆಸಿಕೊಂಡರು. ಒಂದು ಕಡೆ ಪ್ರತಿಯನ್ನು ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದರು, ಬಿಸಿಲು ಕೆಂಪಿನ ಮೂಲಕ ನೆಲಕ್ಕೆ ಬಿದ್ದಿತ್ತು. ಅದನ್ನು ಅವಳೇ ಉಗುರಿನಿಂದ ಕೆರೆದು ತೆಗೆದಳು. ಬೇರೆ ನಕಲು ಮಾಡಿಲ್ಲ, ಫೋಟೋ ತೆಗೆದಿಲ್ಲ ಎಂದು ಪ್ರತಿಯೊಬ್ಬರಿಂದಲೂ ಬರೆಸಿಕೊಂಡಳು. ಹನ್ನೊಂದು ಸಿಕ್ಕವು. ಹನ್ನೆರಡನೆಯದು ರಸ್ತೆ ಇಲಾಖೆಯ ಒಬ್ಬ ಎಂಜಿನಿಯರರ ಕಡತದಲ್ಲಿತ್ತು. ಅವರಿಗೆ ವರ್ಗವಾಗಿ, ಕಡತವೂ ಅವರ ಸಾಮಾನಿನ ಜೊತೆ ಹೋಗಿತ್ತು.

ಗಡುವಿನ ಕೊನೆಯ ದಿನ ಕೋಲಜ್ಜ ಬಂದ. ಹೊಸ ಹಾಳೆಯನ್ನು ಎರಡು ಸಲ ನೋಡಿದ. ಹಳೆಯ ಮೂಲ ಹಾಳೆಯನ್ನು ಬೋರಲು ಹಾಕಿ ಮಡಚಿಸಿದ. ಮಡಚಿದ ಪ್ರತಿಗಳನ್ನು ಬಿಚ್ಚದೆ ಬೆರಳಿನಲ್ಲಿ ಎಣಿಸಿದ. ಮತ್ತೆ ಎಣಿಸಿದ.

"ಹನ್ನೊಂದು."

"ಹನ್ನೊಂದೇ ಅಜ್ಜಾ. ಇನ್ನೊಂದು ಹುಡುಕ್ತಿದ್ದೀನಿ."

ಸಾಹೇಬರ ಸಹಿ ಆಗಲೇ ಬಿದ್ದಿತ್ತು, ಅದರ ಪಕ್ಕದ ಜಾಗ ಖಾಲಿ. ಅಜ್ಜ ಕೋಲನ್ನು ತಂಗಿಯ ಮಗನ ಕೈಗೆ ಕೊಟ್ಟು, ಹೆಬ್ಬೆರಳನ್ನು ಶಾಯಿಗೆ ಅದ್ದಿ ಒತ್ತಿದ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿದ.

"ನಿನ್ನ ಮೇಲೆ ನಂಬಿಕೆ ಬಂತು ಅಂತ ಒತ್ತಿದ್ದಲ್ಲ ತಾಯಿ. ಹುಟ್ಟಿದ ಕಾಡಿಗೆ ಹೋಗೋಕೆ ನಮ್ಮ ಮಕ್ಕಳು ಇನ್ನೂ ಹತ್ತು ವರ್ಷ ಚೀಟಿ ತೋರಿಸ್ಬಾರದು, ಅದಕ್ಕೆ ಒತ್ತಿದ್ದೀನಿ. ಹನ್ನೆರಡನೇದು ನಿನ್ನ ತಲೆ ಮೇಲಿದೆ."

"ಹೌದಜ್ಜಾ" ಎಂದು ಪುಸ್ತಕ ಕೊಟ್ಟಳು. ಅವನು ಅದನ್ನು ತೆರೆಯದೆ ಹೆಗಲ ಚೀಲಕ್ಕೆ ಹಾಕಿಕೊಂಡ. ಅಲ್ಲಿ ಏನಿದೆ ಎಂದು ಅವಳು ಆಗಲೂ ಕೇಳಲಿಲ್ಲ. ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ನಾಲ್ಕು ದಿನ ಕಳೆದು ಬೀಳ್ಕೊಡುಗೆಯಾಯಿತು. ಕಚೇರಿಯವರು ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ದೊಡ್ಡಪ್ಪ ಅದನ್ನು ಬಿಚ್ಚಿ ನೋಡಿ, "ನಮ್ಮ ಅಂಗಡಿಯಿಂದಲೇ ಕೊಂಡು ನಮಗೇ ಕೊಟ್ಟಿದ್ದಾರಲ್ಲೇ" ಎಂದ. ಗೇಟಿನಲ್ಲಿ ಈಗ ಚೀಟಿ ಕೇಳುವುದಿಲ್ಲವಂತೆ. ಕೋಲಜ್ಜ ಮೊದಲ ದಿನ ಅಭ್ಯಾಸಬಲದಿಂದ ನಿಂತು ಕಿಸೆ ತಡಕಿದನೆಂದು ಡ್ರೈವರು ಬಂದು ಹೇಳಿ ಹೋದ.

ಇದನ್ನು ಬರೆಯಬಹುದೇ ಎಂದು ದೊಡ್ಡಮ್ಮ ಡ್ರೈವರ ಕೈಯಲ್ಲೇ ಅಜ್ಜನನ್ನು ಕೇಳಿಸಿದಳು. "ಬರೀಲಿ, ಎಲ್ಲಿ ಅಂತ ಬರೀಬಾರದು, ಅಷ್ಟೇ" ಎಂದನಂತೆ. ಬರೆದಿಲ್ಲ.

ನಿವೃತ್ತಿಯಾದ ಮೇಲೂ ದೊಡ್ಡಮ್ಮನಿಗೆ ವಿಶ್ರಾಂತಿ ಇಲ್ಲ. ಆ ಎಂಜಿನಿಯರರನ್ನು ಹುಡುಕಿಕೊಂಡು ಮೂರು ಊರಿಗೆ ಹೋಗಿ ಬಂದಳು. ಪ್ರತಿಯೊಂದು ಊರಿನಲ್ಲೂ ಅವರು ಮುಂದಿನ ಊರಿಗೆ ವರ್ಗವಾಗಿದ್ದರು. ಬರುವಾಗ ಬಸ್ಸಿನಲ್ಲಿ ಕೂತೇ ನಿದ್ದೆ ಮಾಡಿ ನಿಲ್ದಾಣ ದಾಟಿಬಿಡುತ್ತಾಳೆ. ಈಗ ಅವರ ವಿಳಾಸ ಖಚಿತವಾಗಿ ಸಿಕ್ಕಿದೆ. ಆ ಕಚೇರಿ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆಯಂತೆ. ದೊಡ್ಡಮ್ಮನ ಮಂಡಿಗೆ ಅಷ್ಟು ಮೆಟ್ಟಿಲು ಹತ್ತಲಾಗದು. ಗುರುತಿಲ್ಲದವರ ಎದುರು ನಿಂತು ಕೇಳುವುದೆಂದರೆ ನನಗೆ ನಾಲಿಗೆ ಒಣಗುತ್ತದೆ. ಆದರೂ ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ಅವಳ ಜೊತೆ ಹೋಗುತ್ತೇನೆ. ಅವಳು ಕೆಳಗೆ ಕೂತಿರುತ್ತಾಳೆ, ನಾನು ಮೂರು ಮಹಡಿ ಹತ್ತಿ ಆ ಪ್ರತಿಯನ್ನು ಕೇಳುತ್ತೇನೆ.